ಬುಗುರಿ ಕರೆದುಕೊಂಡು ಹೋದಲ್ಲಿಗೆ

ನಮ್ಮ ಊರಿನ ಬೀದಿಗಳು ರಾತ್ರಿ ಮಲಗಿದ ಜಾಗದಲ್ಲಿ ಬೆಳಿಗ್ಗೆ ಏಳುವುದಿಲ್ಲ. ನಿನ್ನೆ ಬಾಗಿಲು ತೆರೆದಾಗ ಎದುರಿಗೆ ಬಾವಿಕಟ್ಟೆ ಇತ್ತು ಅಂದರೆ ಇವತ್ತು ಅಲ್ಲಿ ಅಕ್ಕಸಾಲಿಗರ ಮನೆಯ ಹಿತ್ತಿಲ ಗೋಡೆ ಇರುತ್ತದೆ. ನಾಳೆ ಏನಿರುತ್ತದೋ ನಾಳೆಯೇ ನೋಡಬೇಕು. ಮನೆಯೊಳಗೆ ಮಾತ್ರ ಒಲೆ ಒಲೆಯ ಜಾಗದಲ್ಲಿ, ಒರಳು ಒರಳಿನ ಜಾಗದಲ್ಲಿ ಇರುತ್ತವೆ. ಹೊಸ್ತಿಲ ಆಚೆಯದನ್ನು ನಾವು ಮೇಕೆಗಳಿಗೆ ಬಿಟ್ಟಿದ್ದೇವೆ. ಎಲ್ಲಿಗೆ ಹೋಗಬೇಕೋ ಅದನ್ನು ಮೇಕೆಯ ಕಿವಿಯಲ್ಲಿ ಹೇಳಿ, ಹಗ್ಗ ಹಿಡಿದು ಅದರ ಹಿಂದೆ ನಡೆದರೆ ಆಯಿತು. ಮೇಕೆಗೆ ಬೀದಿ ಎಲ್ಲಿ ಹೋದರೂ ಗೊತ್ತಾಗುತ್ತದೆ.

ಹಾಗಾಗಿ ನಮ್ಮಲ್ಲಿ ಯಾರೂ ದಾರಿ ಕೇಳುವುದಿಲ್ಲ. ಕೇಳಿದರೂ ಹೇಳುವವರಿಗೆ ಗೊತ್ತಿರಬೇಕಲ್ಲ. ತೀರಾ ಕಷ್ಟಕ್ಕೆ ಬಂದರೆ ಯಾರದೋ ಬಾಗಿಲು ತಟ್ಟಿ, ನಿಮ್ಮ ಮೇಕೆಯನ್ನು ನನ್ನ ಜೊತೆ ಕಳಿಸಿ ಎಂದು ಕೇಳಬೇಕು. ಅದು ತಲೆ ತಗ್ಗಿಸುವ ಕೆಲಸ. ಮನೆಯಲ್ಲಿ ಒಂದು ಮೇಕೆಯನ್ನು ನೆಟ್ಟಗೆ ಸಾಕಲಾಗದವರು ಎಂದು ಒಪ್ಪಿಕೊಂಡ ಹಾಗೆ. ಹೆಣ್ಣು ನೋಡಲು ಬರುವವರು ಕೂಡ ಮೊದಲು ತಮ್ಮ ಮೇಕೆಯನ್ನು ನಮ್ಮ ಅಂಗಳದಲ್ಲಿ ಒಂದು ಹೊತ್ತು ಕಟ್ಟುತ್ತಾರೆ. "ನಮ್ಮ ಮೇಕೆ ನಿಮ್ಮ ಮನೆ ಬಲ್ಲದು" ಎಂದು ಹೇಳಿಸಿಕೊಂಡ ಮೇಲೆ ಆ ಎರಡು ಮನೆಗಳು ನೆಂಟರ ಲೆಕ್ಕ.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಮೇಕೆ ಸತ್ತಿತು. ಹೊಸ ಮರಿ ದಾರಿ ಕಲಿಯುವಷ್ಟರಲ್ಲಿ ನನ್ನ ಜೊತೆಯವರು ಮುಂದಿನ ಪುಸ್ತಕಕ್ಕೆ ಹೋಗಿಬಿಟ್ಟಿದ್ದರು. ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಅದಕ್ಕಾಗಿ ಅತ್ತವಳೂ ಅಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವಳು ಸೋದರತ್ತೆ ದುಂಡಮ್ಮ. ನಮ್ಮಿಬ್ಬರ ಪಾಲಿನ ಮಾತನ್ನೆಲ್ಲ ಅವಳೇ ಆಡುತ್ತಾಳೆ. ನಾವು ಶ್ಯಾವಿಗೆ ಮಾಡಿ ಪೇಟೆಯಲ್ಲಿ ಮಾರುತ್ತೇವೆ. ಹಿಟ್ಟು ನಾದುವುದು ನಾನು, ಒತ್ತುವುದು ಇಬ್ಬರೂ, ಮಾರುವುದು ಅವಳು. ಪೇಟೆಗೆ ಕರೆದೊಯ್ಯುವುದು ಆಗ ತಂದ ಮರಿ ಕೆಂಚಿ. ಅವಳೀಗ ಮುದುಕಿ. ಮುಂಗಾಲಿನ ಮಂಡಿಗಳು ಊದಿಕೊಂಡಿವೆ. ಆದರೂ ಪೇಟೆ ಎಲ್ಲಿ ಅಡಗಿದ್ದರೂ ಹುಡುಕಿ ನಿಲ್ಲಿಸುತ್ತಾಳೆ.

ಆ ಕೆಂಚಿಗೆ, ಇನ್ನು ಮರಿ ಹಾಕಲಾರಳು ಎಂದು ನಾವು ಆಸೆ ಬಿಟ್ಟ ವರ್ಷ, ಒಂದು ಹೆಣ್ಣು ಮರಿ ಹುಟ್ಟಿತು. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಅತ್ತೆ ಬೀದಿಗೆಲ್ಲ ಬೆಲ್ಲ ಹಂಚಿದಳು. ಅಂದರೆ ಅವತ್ತು ನಮ್ಮ ಬಾಗಿಲಿಗೆ ಬಂದು ನಿಂತಿದ್ದ ಬೀದಿಗೆ.

ನಮ್ಮಲ್ಲಿ ಮರಿ ಹಾಲು ಬಿಡುವವರೆಗೆ ಅದನ್ನು ರಾತ್ರಿ ತಾಯಿಯ ಕೊರಳಿಗೆ ಒರಗಿಸಿ, ಹಳೇ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟುತ್ತೇವೆ. ಅದಕ್ಕೆ ಕೊರಳಾಸರೆ ಎಂದು ಹೆಸರು. ತಾಯಿಯ ಕೊರಳಿನಿಂದ ಮರಿಯ ನೆತ್ತಿಗೆ ದಾರಿ ಇಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ದಾರಿ ಇಳಿಯುವುದನ್ನು ನಾನು ಕಂಡಿಲ್ಲ. ಆದರೆ ಮರಿ ನಿದ್ದೆಯಲ್ಲೂ ತಾಯಿಯ ಕೊರಳನ್ನು ನೆಕ್ಕುತ್ತಿರುತ್ತದೆ, ಅದನ್ನು ಕಂಡಿದ್ದೇನೆ. ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ಮುದ್ದೆಯಾಗಿರುತ್ತದೆ.

ಆ ವರ್ಷವೇ ಊರಿಗೆ ಉಣುಗು ಬಿತ್ತು. ಎಲ್ಲಾ ಮೇಕೆಗಳ ಕೊರಳಲ್ಲೂ ಕಿವಿಯ ಹಿಂದೆಯೂ ಹುಣಸೆ ಬೀಜದ ಗಾತ್ರದ ಉಣುಗುಗಳು ರಕ್ತ ಕುಡಿದು ಜೋತಾಡುತ್ತಿದ್ದವು. ಬೇವಿನೆಣ್ಣೆ ಹಚ್ಚಿದೆವು, ಬೂದಿ ಬಳಿದೆವು, ಕೈಯಿಂದ ಕಿತ್ತೆವು. ಔಷಧಿ ಅಂಗಡಿಯ ಶಿವನಂಜ ಊರಾಚೆಯಿಂದ ಒಂದು ನೀಲಿ ಡಬ್ಬ ತಂದ. ಹೊಲದ ಹುಳಕ್ಕೆ ಹೊಡೆಯುವ ಔಷಧಿಯಂತೆ, ಎಣ್ಣೆಯಲ್ಲಿ ಬೆರೆಸಿ ಹಚ್ಚಿದರೆ ಉಣುಗು ಉದುರುತ್ತದಂತೆ. ಮುಚ್ಚಳ ತೆರೆದರೆ ಮೂಗು ಉರಿಯುತ್ತಿತ್ತು.

ಹಾಗೆಂದು ಊರಿನವರೇನೂ ಕಣ್ಣು ಮುಚ್ಚಿ ಹಚ್ಚಲಿಲ್ಲ. ಮೊದಲು ಪರೀಕ್ಷೆ ಮಾಡಬೇಕೆಂದು ಯಜಮಾನರಾದ ಬೋರಲಿಂಗಯ್ಯನವರೇ ಹೇಳಿದರು. ಮರಿಗಳಿಗೆ ದಾರಿಯ ಒಪ್ಪಿಗೆ ಕೊಟ್ಟು ಕೊರಳಿಗೆ ಗಂಟೆ ಕಟ್ಟುವವರು ಅವರು. ಪರೀಕ್ಷೆಗೆ ತಮ್ಮದೇ ಹೋತ ದೊರೆಯನ್ನು ಕೊಟ್ಟರು. ಊರಿನಲ್ಲಿ ಅದಕ್ಕಿಂತ ದೊಡ್ಡ ಮೇಕೆ ಇಲ್ಲ, ಅದಕ್ಕಿಂತ ಚೆನ್ನಾಗಿ ದಾರಿ ಬಲ್ಲದ್ದೂ ಇಲ್ಲ. ಅವರ ಅಂಗಳದಲ್ಲಿ ನಾವೆಲ್ಲ ಸೇರಿದೆವು. ಶಿವನಂಜ ಕೈಗೆ ಬಟ್ಟೆ ಸುತ್ತಿಕೊಂಡು ದೊರೆಯ ಕೊರಳಿಗೆ ಔಷಧಿ ಬಳಿದ.

ಸ್ವಲ್ಪ ಹೊತ್ತಿಗೆ ದೊರೆಯ ಬಾಯಿಂದ ಜೊಲ್ಲು ಇಳಿಯತೊಡಗಿತು. ಕಣ್ಣಲ್ಲಿ ನೀರು ಸುರಿಯಿತು. ಕಾಲುಗಳು ನಡುಗಿ ಅದು ಗೋಡೆಗೆ ಒರಗಿತು.

"ಅಯ್ಯೋ, ಯಜಮಾನ್ರೇ, ನಿಮ್ ದೊರೆ ಮೂರನೇ ಮದ್ವೆಗೆ ಹೊಂಟ ಮುದುಕನ್ ಥರ ನಿಂತವ್ನಲ್ಲ," ಅಂದಳು ಅತ್ತೆ.

"ಸುಮ್ಕಿರು ದುಂಡಮ್ಮ. ನನ್ನ ಹೊಟ್ಟೆ ಉರೀತೈತೆ," ಅಂದರು ಬೋರಲಿಂಗಯ್ಯ. ಆ ದಿನ ಅವರು ಊಟ ಮಾಡಲಿಲ್ಲ. ದೊರೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡರು.

ಒಂದೆರಡು ದಿನದಲ್ಲಿ ದೊರೆ ಎದ್ದಿತು, ಆಲದ ಸೊಪ್ಪು ತಿಂದಿತು. ಅದರ ಕಿವಿಯಲ್ಲಿ "ಕೆರೆ" ಅಂದರೆ ಕೆರೆಗೆ, "ಮನೆ" ಅಂದರೆ ಮನೆಗೆ ಕರೆತಂದಿತು. ಒಂದು ತಿರುವೂ ತಪ್ಪಲಿಲ್ಲ. ಮೈಮೇಲೆ ಒಂದು ಉಣುಗೂ ಉಳಿದಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ದೊಡ್ಡದಕ್ಕೇ ಏನೂ ಆಗದಿದ್ದ ಮೇಲೆ ಇನ್ನೇನು ಎಂದು ಎಲ್ಲರೂ ಕುಡಿಕೆ ಹಿಡಿದು ಶಿವನಂಜನ ಅಂಗಡಿಗೆ ಹೋದರು.

ಬಾಣಂತಿ ಮೇಕೆಗಳಿಗೂ ಹಚ್ಚಿದೆವು. ಉಣುಗು ಹೆಚ್ಚಾಗಿ ಕೂರುವುದು ಕೊರಳಲ್ಲೇ, ಆದ್ದರಿಂದ ಕೊರಳಿಗೇ ಹಚ್ಚಿದೆವು. ರಾತ್ರಿ ಎಂದಿನಂತೆ ಮರಿಗಳನ್ನು ಆ ಕೊರಳಿಗೆ ಕಟ್ಟಿದೆವು. ಉಣುಗು ಮತ್ತೆ ಹತ್ತದಿರಲಿ ಎಂದು ಆಗಾಗ ಹಚ್ಚುತ್ತಲೇ ಇದ್ದೆವು.

ಕೆಂಚಿ ಮೊದಲ ದಿನ ಜೊಲ್ಲು ಸುರಿಸಿದಳು, ಮುಖ ಸಪ್ಪಗೆ ಮಾಡಿಕೊಂಡು ಮೂಲೆಯಲ್ಲಿ ನಿಂತಳು. ಆಮೇಲೆ ಸರಿಹೋದಳು. ಮರಿಗೆ ಜೊಲ್ಲೂ ಇಲ್ಲ, ನಡುಕವೂ ಇಲ್ಲ. ಊರಿನ ಯಾವ ಮರಿಗೂ ಏನೂ ಆಗಲಿಲ್ಲ. ಬದಲಿಗೆ ಅವು ಮುಂಚಿಗಿಂತ ಚುರುಕಾದಂತೆ ಕಂಡವು. ನಮ್ಮ ಮರಿಯಂತೂ ಅಂಗಳದಲ್ಲಿ ತನ್ನ ಸುತ್ತ ತಾನೇ ಗರಗರ ತಿರುಗುತ್ತಿತ್ತು. ಅತ್ತೆ ನಕ್ಕು ನಕ್ಕು ಸುಸ್ತಾಗಿ ಅದಕ್ಕೆ ಬುಗುರಿ ಎಂದು ಹೆಸರಿಟ್ಟಳು.

"ನೋಡಿದ್ರಾ, ಮರಿಗಳಿಗೆ ಸೋಕಲೇ ಇಲ್ಲ," ಎಂದು ಶಿವನಂಜ ಪೇಟೆಯಲ್ಲೆಲ್ಲ ಹೇಳಿಕೊಂಡು ಓಡಾಡಿದ. ಅವನು ಕೆಟ್ಟವನಲ್ಲ. ಅವನ ಮನೆಯಲ್ಲೂ ಎರಡು ಮರಿಗಳಿದ್ದವು, ಅವುಗಳ ತಾಯಿಗೂ ಹಚ್ಚಿದ್ದ.

ನನಗೆ ಮಾತು ಕಡಿಮೆ, ಕಣ್ಣು ಹೆಚ್ಚು. ಬುಗುರಿ ಬೆಳೆಯುವುದನ್ನು ನೋಡುತ್ತಾ ಕೂರುವುದು ನನ್ನ ಸುಖವಾಗಿತ್ತು. ಕಂಬಕ್ಕೆ ಹಣೆ ಹೊಡೆದುಕೊಂಡು ಬೆರಗಾಗಿ ನಿಲ್ಲುತ್ತಿದ್ದಳು. ಮಾರನೇ ದಿನ ಅದೇ ಕಂಬಕ್ಕೆ ಹೊಡೆದುಕೊಂಡು ಅಷ್ಟೇ ಬೆರಗಾಗುತ್ತಿದ್ದಳು. ನಾಯಿ ಗುರ್ ಎಂದರೆ ಬೇರೆ ಮರಿಗಳು ತಾಯಿಯ ಹೊಟ್ಟೆಯ ಕೆಳಗೆ ನುಗ್ಗಬೇಕು. ಇವಳು ನಾಯಿಯ ಮೂಗು ಮೂಸಲು ಹೋದಳು. ನಾಯಿಯೇ ಹೆದರಿ ಎದ್ದು ಹೋಯಿತು. ತೆಂಗಿನ ಚಿಪ್ಪುಗಳನ್ನು ಬೋರಲು ಹಾಕಿ, ಒಂದೇ ಚಿಪ್ಪಿನ ಕೆಳಗೆ ದಿನಾ ಬೆಲ್ಲ ಇಟ್ಟು ಹುಡುಕಿಸುವುದು ಮರಿಗಳಿಗೆ ನಾವು ಕಲಿಸುವ ಮೊದಲ ಪಾಠ. ಕೆಂಚಿಯ ಹಿಂದಿನ ಮರಿಗಳೆಲ್ಲ ಬೇಗ ಕಲಿತು ಊರಿನ ಬೇರೆ ಬೇರೆ ಮನೆಗಳಲ್ಲಿ ಗಂಟೆ ಕಟ್ಟಿಕೊಂಡು ಬದುಕಿವೆ. ಬುಗುರಿ ಮಾತ್ರ ಸಿಕ್ಕ ಚಿಪ್ಪಿಗೆ ಖುಷಿಯಿಂದ ಓಡುತ್ತಿದ್ದಳು. ಬೆಲ್ಲ ಸಿಗದಿದ್ದರೆ ಚಿಪ್ಪನ್ನೇ ನೆಕ್ಕುತ್ತಿದ್ದಳು. ಆಮೇಲೆ ಬಂದು ನನ್ನ ಮಡಿಲಲ್ಲಿ ತಲೆ ಇಟ್ಟು, ಕಂದು ಕಿವಿಯನ್ನು ಕೆರೆದುಕೊಡು ಎಂದು ಒತ್ತುತ್ತಿದ್ದಳು. ನಾನು ಕೆರೆದುಕೊಡುತ್ತಿದ್ದೆ. ಬೆಲ್ಲವನ್ನೂ ಕೊಟ್ಟುಬಿಡುತ್ತಿದ್ದೆ.

"ಹಿಂಗ್ ಮುದ್ದು ಮಾಡಿದ್ರೆ ಅದು ಕಲೀತದಾ?" ಎಂದು ಅತ್ತೆ ಬೈಯುತ್ತಿದ್ದಳು. ಬೈದು, ಹೋಗುವಾಗ ತಾನೂ ಒಂದು ಚೂರು ಬೆಲ್ಲ ಕೊಡುತ್ತಿದ್ದಳು.

ಒಂದು ದಿನ ಚಾವಣಿಯ ಮೇಲೆ ಶ್ಯಾವಿಗೆ ಒಣಹಾಕುತ್ತಿದ್ದೆವು. ಆ ಎತ್ತರದಿಂದ ಅಕ್ಕಪಕ್ಕದ ಅಂಗಳಗಳು ಕಾಣುತ್ತಿದ್ದವು. ಬೀದಿಗಳು ಸರಿದು ಹೊಸ ಅಂಗಳಗಳು ಪಕ್ಕಕ್ಕೆ ಬಂದಾಗಲೂ ನಾನು ನೋಡುತ್ತಿದ್ದೆ. ಎಲ್ಲ ಕಡೆ ಅದೇ. ಆ ವರ್ಷದ ಮರಿಗಳೆಲ್ಲ ತಿರುಗುತ್ತಿದ್ದವು, ಇಲ್ಲವೇ ಗೋಡೆಗೆ ಮುಖ ಮಾಡಿ ನಿಂತಿದ್ದವು. ಹಿಂದಿನ ವರ್ಷ ಹುಟ್ಟಿ ದಾರಿ ಕಲಿತಿದ್ದ ಮೇಕೆಗಳು ಔಷಧಿ ಹಚ್ಚಿಸಿಕೊಂಡರೂ ನೆಟ್ಟಗೇ ಇದ್ದವು. ನಾನು ಅತ್ತೆಗೆ ಅದನ್ನು ಹೇಳಿದೆ.

"ಅದ್ಹೆಂಗಮ್ಮಿ? ಹಚ್ಚಿದ್ದು ದೊಡ್ಡವಕ್ಕೆ. ಜೊಲ್ಲು ಸುರಿಸಿದ್ದು ದೊಡ್ಡವು. ಮರಿಗೆ ಒಂದು ತೊಟ್ಟು ಹಚ್ಚಿಲ್ಲ."

"ನೆಕ್ಕಿರ್ತಾವೆ ಅತ್ತೆ. ಕೊರಳಾಸರೇಲಿ."

"ನೆಕ್ಕಿದ್ರೆ ಎಷ್ಟು ನೆಕ್ಕಾವು? ಕಾಯಿಲೆ ಬೀಳ್ಬೇಕಿತ್ತಲ್ಲ."

ಎದುರಿಗೆ ಶ್ಯಾವಿಗೆ ಹರಡಿದ್ದ ಚಾಪೆಯನ್ನು ನೋಡಿದೆ. "ಒಣಗಿದ ಶ್ಯಾವಿಗೆ ಮೇಲೆ ನಾಲ್ಕು ಹನಿ ನೀರು ಬಿದ್ರೆ ಒದ್ದೆ ಆಗ್ತದೆ, ಕಣ್ಣಿಗೂ ಕಾಣ್ತದೆ. ಬಿಸಿಲಿಗೆ ಇಟ್ರೆ ಸರಿಹೋಗ್ತದೆ. ಹಿಟ್ಟು ನಾದೋವಾಗ ನಾಲ್ಕು ಹನಿ ಹೆಚ್ಚಾದ್ರೆ ಆಗ ಏನೂ ಕಾಣಲ್ಲ. ಒರಳಿಗೆ ಹಾಕಿ ಒತ್ತಿದಾಗ್ಲೇ ಗೊತ್ತಾಗೋದು, ಎಳೆ ಬರಲ್ಲ ಅಂತ."

ಅತ್ತೆ ಕೈಯಲ್ಲಿದ್ದ ಶ್ಯಾವಿಗೆಯನ್ನು ಹಾಗೇ ಹಿಡಿದು ನಿಂತಳು. ಕೆಳಗೆ ಅಂಗಳದಲ್ಲಿ ಬುಗುರಿ ತಿರುಗುತ್ತಿದ್ದಳು. ಆ ದಿನ ಅತ್ತೆ ನಗಲಿಲ್ಲ. ಕೆಳಗಿಳಿದು ಸೀಗೆಪುಡಿ ಕಲಸಿ ಕೆಂಚಿಯ ಕೊರಳನ್ನು ತಿಕ್ಕಿ ತಿಕ್ಕಿ ತೊಳೆದಳು. ಬುಗುರಿ ಆಗಲೇ ಹಾಲು ಬಿಟ್ಟು ತಿಂಗಳಾಗಿತ್ತು.

ಒಪ್ಪಿಗೆಯ ದಿನ ಬಂತು. ಆ ದಿನ ಮರಿಯ ಒಡೆಯರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೋರಲಿಂಗಯ್ಯನವರ ಅಂಗಳದಿಂದ ಮರಿಯ ಹಿಂದೆ ನಡೆಯಬೇಕು. ನಾವು ಎಳೆಯಬಾರದು, ಕರೆಯಬಾರದು. ಮರಿ ನಮ್ಮನ್ನು ನಮ್ಮ ಮನೆ ಸೇರಿಸಬೇಕು. ಸೇರಿಸಿದ ಮರಿಗೆ ಗಂಟೆ. ಗಂಟೆ ಕಟ್ಟಿದ ಮೇಕೆಯ ಹಿಂದೆ ಊರಿನ ಯಾರು ಬೇಕಾದರೂ ನಂಬಿ ನಡೆಯಬಹುದು. ಸೇರಿಸದ ಮರಿಯನ್ನು ಮಾಂಸದಂಗಡಿಯ ಮರಿಸಿದ್ದನಿಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದ ಮನೆಗೆ ಮುಂದಿನ ವರ್ಷ ಊರಿನ ಕಡೆಯಿಂದ ಹೊಸ ಮರಿ. ಕಟ್ಟಳೆ ಕಠಿಣವೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಹಿಂದೆ ಯಾವಾಗಲೋ ದಾರಿ ತಿಳಿಯದ ಮೇಕೆಯೊಂದು ಸೂಲಗಿತ್ತಿಯನ್ನು ಊರೆಲ್ಲ ಸುತ್ತಿಸಿ, ಅವಳು ಮುಟ್ಟುವಷ್ಟರಲ್ಲಿ ಹೆರಿಗೆ ನೋವಿನಲ್ಲಿದ್ದವಳು ತೀರಿಕೊಂಡಿದ್ದಳಂತೆ.

ನಾನು ಬುಗುರಿಯ ಕಂದು ಕಿವಿಯಲ್ಲಿ "ಮನೆ" ಎಂದೆ. ಅವಳು ಹೊರಟಳು. ಏನು ಉತ್ಸಾಹ! ಹಗ್ಗ ಬಿಗಿಯಾಗಿತ್ತು, ಗೊರಸುಗಳು ಟಕಟಕ ಎನ್ನುತ್ತಿದ್ದವು. ಅಂಗಾಲಿಗೆ ಕಲ್ಲು ಸಿಕ್ಕಿತು, ಮರಳು ಸಿಕ್ಕಿತು, ಯಾರದೋ ಮನೆಯ ಒದ್ದೆ ಅಂಗಳ ಸಿಕ್ಕಿತು. ಎಲ್ಲೂ ಅನುಮಾನಿಸಲಿಲ್ಲ, ನಿಲ್ಲಲಿಲ್ಲ. ಇವಳು ಕಲಿತಿದ್ದಾಳೆ, ನಮಗೆ ತೋರಿಸಿಕೊಂಡಿಲ್ಲ ಅಷ್ಟೇ ಎಂದು ನಾನು ಹಿಗ್ಗತೊಡಗಿದೆ. ಕೊನೆಗೆ ಅವಳು ನಿಂತಾಗ ನನ್ನ ಮೂಗಿಗೆ ಹಸಿ ಮಾಂಸದ ವಾಸನೆ ಬಂತು.

"ಕಣ್ಣಿನ ಬಟ್ಟೆ ಬಿಚ್ಚಮ್ಮಿ," ಅಂದ ಮರಿಸಿದ್ದ. "ನೀನು ಬಂದಿರಾದು ನನ್ನಂಗಡಿಗೆ."

ಬುಗುರಿ ಅವನ ಕೈ ನೆಕ್ಕುತ್ತಿದ್ದಳು. ಅವನು ಕತ್ತಿಯನ್ನು ಬೆನ್ನ ಹಿಂದೆ ಮರೆಮಾಡಿದ. ಆಮೇಲೆ ಅದನ್ನು ಗೋಣಿಯ ಕೆಳಗೆ ತಳ್ಳಿ, ಒಂದು ಹಿಡಿ ಹುರುಳಿ ತಂದು ಅವಳ ಮುಂದೆ ಹಿಡಿದ.

"ಇಷ್ಟ್ ವರ್ಷದಲ್ಲಿ ತಾನಾಗೇ ನಡ್ಕೊಂಡು ಬಂದ ಗಿರಾಕಿ ಇದೊಂದೇ ಕಣವ್ವ," ಅಂದ. ನಗಿಸಲು ಹೇಳಿದ್ದು. ನಾನು ಅತ್ತಾಗ ಅವನಿಗೆ ಏನು ಮಾಡಬೇಕೋ ತಿಳಿಯದೆ ತಾನೇ ಎದ್ದು ತನ್ನ ಮುದಿ ಮೇಕೆಯನ್ನು ಬಿಚ್ಚಿ ನಮ್ಮನ್ನು ಮನೆಯವರೆಗೆ ಬಿಡಲು ಬಂದ. ಹೋಗುವಾಗ, "ನಾಳಿದ್ದು ಯಜಮಾನ್ರ ಅಂಗಳಕ್ಕೆ ತಾ. ನಾನು ನೋಯ್ಸಲ್ಲ," ಅಂದ.

ಆ ವರ್ಷ ಒಂದು ಮರಿಯೂ ಮನೆ ಸೇರಲಿಲ್ಲ. ಶಿವನಂಜನ ಎರಡೂ ಮರಿಗಳು ಅವನನ್ನು ಕೆರೆಯ ನೀರಿಗೆ ಇಳಿಸಿದ್ದವು. ದೊರೆಯ ಮೊಮ್ಮಗ ಬೋರಲಿಂಗಯ್ಯನವರನ್ನು ಅಂಗಳ ದಾಟಿಸಲೇ ಇಲ್ಲ. ಅವರ ಸುತ್ತಲೇ ಸುತ್ತಿ ಹಗ್ಗದಲ್ಲಿ ಅವರ ಕಾಲು ಕಟ್ಟಿಹಾಕಿತಂತೆ.

ಮರಿ ಒಪ್ಪಿಸುವ ದಿನದವರೆಗೂ ಅತ್ತೆ ಮತ್ತು ನಾನು ಆ ವಿಷಯ ಎತ್ತಲಿಲ್ಲ. ಹೊರಡುವ ಬೆಳಿಗ್ಗೆ ನಾನು, "ಕೊಡಲ್ಲ ಅತ್ತೆ," ಅಂದೆ.

"ಕೊಡ್ದೆ?"

"ಇಟ್ಕೊಳ್ತೀನಿ."

"ಕೆಂಚಿ ಮಂಡಿ ನೋಡಿದ್ಯಾ? ಇವತ್ತೋ ನಾಳೆಯೋ ಅವ್ಳು ಮಲಗ್ತಾಳೆ. ಇದನ್ನ ಕೊಟ್ರೆ ಮುಂದಿನ ವರ್ಷ ಒಂದು ನೆಟ್ಟಗಿರೋ ಮರಿ ಸಿಗ್ತದೆ. ಕೊಡ್ದಿದ್ರೆ ನಮ್ಗೆ ಸರದಿಯೇ ಇಲ್ಲ. ನಿನ್ನ ಮುದ್ದಿನ ಸಲುವಾಗಿ ನಾನು ಈ ನಾಲ್ಕು ಗೋಡೆ ಒಳಗೆ ಕೊಳೀಬೇಕಾ? ಶ್ಯಾವಿಗೆ ಯಾರಿಗೆ ಮಾರಾನ, ಹಲ್ಲಿಗಳಿಗಾ?"

ಅವಳು ಹೇಳಿದ್ದೆಲ್ಲ ನಿಜ. ಬುಗುರಿ ಅತ್ತೆಯ ಸೆರಗಿನ ತುದಿಯನ್ನು ಜಗಿಯುತ್ತಿದ್ದಳು. ಅತ್ತೆ ಸೆರಗನ್ನು ಎಳೆದುಕೊಳ್ಳಲಿಲ್ಲ.

ಬೋರಲಿಂಗಯ್ಯನವರ ಅಂಗಳದಲ್ಲಿ ಊರೇ ಸೇರಿತ್ತು. ನಡುವೆ ಸಾಲಾಗಿ ಗೂಟಗಳು. ಒಬ್ಬೊಬ್ಬರೇ ಮರಿಯನ್ನು ಗೂಟಕ್ಕೆ ಕಟ್ಟಿ, ತಿರುಗಿ ನೋಡದೆ ಬರಬೇಕು. ಮರಿಸಿದ್ದ ಬೇಲಿಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಯಾರೂ ಮೊದಲು ಮುಂದೆ ಬರಲಿಲ್ಲ. ಅತ್ತೆಗೆ ಶಿವನಂಜ ಕಣ್ಣಿಗೆ ಬಿದ್ದ, ಅಷ್ಟೇ ಸಾಕಾಯಿತು.

"ಬಾರಪ್ಪ ಔಷಧಿ ರಾಜ! ಉಣುಗು ಉದುರಿಸ್ತೀನಿ ಅಂತ ಮರಿಗಳ ತಲೆಯಲ್ಲಿದ್ದುದನ್ನೇ ಉದುರಿಸಿಬಿಟ್ಯಲ್ಲ!"

"ದುಂಡಕ್ಕ, ನಾನೇನ್ ಮಾಡ್ಲಿ? ಎಲ್ರ ಮುಂದೆ ದೊರೆಗೆ ಹಚ್ಚಿ ತೋರಿಸ್ಲಿಲ್ವಾ? ದೊಡ್ಡವು ಒಂದಾದ್ರೂ ದಾರಿ ತಪ್ಪೈತಾ ಹೇಳು."

"ದೊಡ್ಡವು ಕಲಿತಾಗಿತ್ತು ಕಣಯ್ಯ! ಕಲಿಯೋವು ಮರಿಗಳು. ಒಣಗಿದ ಶ್ಯಾವಿಗೆ ಬೇರೆ, ಹಸಿ ಹಿಟ್ಟು ಬೇರೆ. ಬಾಣಂತಿ ಕೊರಳಿಗೆ ಬಳಿಸಿದ್ಯಲ್ಲ, ನೆಕ್ಕೋ ಮರಿಗೆ ಏನಾಗ್ತದೆ ಅಂತ ದೊರೆ ಬಾಯಲ್ಲಿ ಕೇಳಿದ್ಯಾ?"

"ನಂಗೆ ಗೊತ್ತಿರ್ಲಿಲ್ಲ ದುಂಡಕ್ಕ," ಅಂದ ಶಿವನಂಜ. ಅವನ ಧ್ವನಿ ಸಣ್ಣದಾಗಿತ್ತು. "ನನ್ನ ಮರಿಗಳು ಒಂದ್ಸಲ ಜೊಲ್ಲು ಸುರಿಸಿದ್ರೆ ಆವತ್ತೇ ಡಬ್ಬ ಎಸೀತಿದ್ದೆ. ಕುಣೀತಿದ್ವು. ಚೆನ್ನಾಗವೆ ಅಂದ್ಕೊಂಡೆ."

ಅತ್ತೆ ಮುಂದೆ ಬೈಯಲಿಲ್ಲ. ನಾವೆಲ್ಲರೂ ಹಾಗೇ ಅಂದುಕೊಂಡಿದ್ದೆವು. ಬೋರಲಿಂಗಯ್ಯನವರು ಎದ್ದು ನಿಂತು, ಇನ್ನು ಮುಂದೆ ಹಾಲೂಡಿಸುವ ಮೇಕೆಯ ಹತ್ತಿರ ಆ ಡಬ್ಬ ಸುಳಿಯಬಾರದು, ಉಣುಗನ್ನು ಕೈಯಿಂದಲೇ ಕೀಳಬೇಕು ಎಂದರು. ಉಳಿದ ಔಷಧಿಯನ್ನು ತಂದ ಕಡೆಗೇ ಹಿಂತಿರುಗಿಸುತ್ತೇನೆ ಎಂದು ಶಿವನಂಜ ಒಪ್ಪಿದ. ಆಮೇಲೆ ಬೋರಲಿಂಗಯ್ಯನವರು ದೊರೆಯ ಮೊಮ್ಮಗನನ್ನು ಎತ್ತಿಕೊಂಡು ಬಂದು ಮೊದಲ ಗೂಟಕ್ಕೆ ತಾವೇ ಕಟ್ಟಿದರು. ಗಂಟು ಹಾಕಲು ಅವರಿಗೆ ತುಂಬಾ ಹೊತ್ತು ಹಿಡಿಯಿತು. "ಕಟ್ಟಳೆ ಕಟ್ಟಳೆಯೇ," ಅಂದರು. ಅದನ್ನು ಅವರು ತಮಗೇ ಹೇಳಿಕೊಂಡಂತಿತ್ತು. ನಂತರ ನಮ್ಮ ಕಡೆ ನೋಡಿದರು.

ಅತ್ತೆ ನನ್ನನ್ನು ನೋಡಿದಳು. ನನ್ನ ಪಾಲಿನ ಮಾತನ್ನು ಅವಳು ಆಡುತ್ತಾಳೆಂದು ಕಾದೆ. ಅವಳು ಆಡಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ.

"ನಾನು ಗಂಟೆ ಕೇಳಲ್ಲ," ಅಂದೆ.

"ಗಟ್ಯಾಗಿ ಹೇಳವ್ವ," ಅಂದರು ಯಾರೋ ಹಿಂದಿನಿಂದ.

"ಗಂಟೆ ಕೇಳಲ್ಲ. ಗಂಟೆ ಇಲ್ದಿದ್ರೆ ಯಾರೂ ಇವಳ ಹಿಂದೆ ಬರಲ್ಲ, ಯಾರಿಗೂ ಮೋಸ ಆಗಲ್ಲ. ನಾನೊಬ್ಳೇ ಹೋಗ್ತೀನಿ. ಹೊಸ ಮರಿ ಸರದಿಯೂ ಬೇಡ."

"ಎಲ್ಲಿಗೆ ಹೋಗ್ತೀಯಮ್ಮಿ ಇವಳ ಹಿಂದೆ?" ಅಂದರು ಬೋರಲಿಂಗಯ್ಯ. ಗದರಿಸಿ ಕೇಳಿದ್ದಲ್ಲ.

"ಇವಳು ಎಲ್ಲಿಗೆ ಕರ್ಕೊಂಡೋಗ್ತಾಳೋ ಅಲ್ಲಿಗೆ."

"ಮನೆಗೆ ಹೆಂಗೆ ಬತ್ತೀಯ?"

ಅದನ್ನು ನಾನು ಯೋಚಿಸಿರಲಿಲ್ಲ. ಆದರೆ ಅದಕ್ಕೆ ಇದ್ದದ್ದು ಒಂದೇ ಉತ್ತರ. "ಕೇಳ್ತೀನಿ," ಅಂದೆ.

ಅಂಗಳದಲ್ಲಿ ಒಂದಿಬ್ಬರು ನಕ್ಕರು. ಈ ಹುಡುಗಿ ಬಾಗಿಲು ತಟ್ಟುತ್ತದಂತೆ, ಕೇಳುತ್ತದಂತೆ! ತನ್ನ ಸ್ವಂತ ಮನೆಯಲ್ಲೇ ಇನ್ನೊಂದು ಮುದ್ದೆ ಬೇಕೆಂದು ಬಾಯಿಬಿಟ್ಟು ಕೇಳದವಳು ಇವಳು. ನಾನಾಗಿದ್ದರೂ ನಗುತ್ತಿದ್ದೆನೋ ಏನೋ. ಅತ್ತೆ ಸೊಂಟಕ್ಕೆ ಕೈಯಿಟ್ಟು ನಕ್ಕವರ ಕಡೆ ತಿರುಗಿದಳು.

"ಯಾಕೆ ಹಲ್ಲು ಬಿಡ್ತೀರಾ? ಇವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನ ನಾನು ಈ ಜನ್ಮದಲ್ಲಿ ಕೇಳಿಲ್ಲ. ಯಜಮಾನ್ರೇ, ಇಷ್ಟ್ ಮಾತಾಡಿಸಿದ ಮರಿ ನಮ್ಮನೇಲೇ ಇರ್ಲಿ. ನಾನೂ ಕೊಳೀತೀನಿ ಹೋಗ್ಲಿ."

ಬೋರಲಿಂಗಯ್ಯನವರು ಬಾಗಿ, ತಾವು ಕಷ್ಟಪಟ್ಟು ಹಾಕಿದ್ದ ಗಂಟನ್ನು ಬಿಚ್ಚತೊಡಗಿದರು. ಬೇಲಿಯ ಹತ್ತಿರ ಮರಿಸಿದ್ದ ಮುಖ ಒರೆಸಿಕೊಂಡ. ಆ ದಿನ ಎಲ್ಲರೂ ಮರಿಯನ್ನು ವಾಪಸ್ ಒಯ್ದರು ಎಂದು ಹೇಳಲಾರೆ. ಕೆಲವರು ಕಟ್ಟಿಯೇ ಹೋದರು. ದಾರಿ ತಿಳಿದ ಮೇಕೆಯಿಲ್ಲದೆ ಅವರ ಮನೆ ನಡೆಯುತ್ತಿರಲಿಲ್ಲ, ಅವರನ್ನು ನಾನು ದೂರುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕೆಂಚಿ ಏಳಲಿಲ್ಲ. ಮೇವು ತಿಂದಳು, ನೀರು ಕುಡಿದಳು, ಮಂಡಿ ಮಾತ್ರ ಎತ್ತಲಿಲ್ಲ. ಅತ್ತೆ ಅವಳ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಾ ಕೂತಳು. ಬುಟ್ಟಿಯಲ್ಲಿ ಶ್ಯಾವಿಗೆ ತುಂಬಿತ್ತು. ನಾನು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡೆ. ಬುಗುರಿಯ ಕಂದು ಕಿವಿಯಲ್ಲಿ "ಪೇಟೆ" ಎಂದೆ. ಸುಮ್ಮನೆ ಹೇಳಿದ್ದು, ಹೇಳದೆ ಹೊರಟರೆ ಅವಳಿಗೆ ಬೇಸರವಾದೀತು ಎಂದು.

ಅವಳು ಬಾಲವೆತ್ತಿಕೊಂಡು ಹೊರಟಳು. ಪೇಟೆಯ ಗದ್ದಲ ಎಡಗಡೆ ಎಲ್ಲೋ ಕೇಳಿಸಿ ದೂರವಾಯಿತು. ನಾನು ಕಂಡೇ ಇರದ ಬೀದಿಗಳು ಬಂದವು. ಒಂದು ಕಡೆ ಇಡೀ ಬೀದಿಯೇ ಹತ್ತಿ ಬಿಡಿಸುತ್ತಿತ್ತು, ಇನ್ನೊಂದು ಕಡೆ ಒಂದು ಮನೆಯ ಮೇಲೆ ಮಾತ್ರ ಪಾರಿವಾಳಗಳು. ನನ್ನ ವಯಸ್ಸಿನಷ್ಟು ಕಾಲ ಈ ಊರಿನಲ್ಲಿದ್ದೇನೆ. ಕೆಂಚಿ ಎಂದೂ ತಪ್ಪದ್ದರಿಂದ ಇವ್ಯಾವುದನ್ನೂ ನೋಡಿರಲಿಲ್ಲ. ಒಂದು ಹಸಿರು ಬಾಗಿಲಿನ ಮುಂದೆ ಬುಗುರಿ ನಿಂತಳು. ನನ್ನ ಕಡೆ ತಿರುಗಿ, ಕರೆತಂದೆನಲ್ಲ ಎನ್ನುವಂತೆ ನೋಡಿದಳು. ಬಾಗಿಲ ತೋರಣದಲ್ಲಿದ್ದ ಚೆಂಡುಹೂವನ್ನು ಕಿತ್ತು ತಿನ್ನತೊಡಗಿದಳು.

ಬುಟ್ಟಿ ಭಾರವಾಗಿತ್ತು. ನಾನು ಹಿಂದೆ ನೋಡಿದೆ. ಬಂದ ಬೀದಿಯಲ್ಲಿ ಎಷ್ಟು ತಿರುವುಗಳಿದ್ದವೋ ನೆನಪಿರಲಿಲ್ಲ. ಒಳಗೆ ಯಾರೋ ಕೆಮ್ಮಿದರು, ಪಾತ್ರೆಯೊಂದು ಸದ್ದಾಯಿತು. ಕೈ ಎತ್ತಿದೆ, ಇಳಿಸಿದೆ. ಬುಗುರಿ ಎರಡನೇ ಹೂವಿಗೆ ಬಾಯಿ ಹಾಕಿದಳು. ಇನ್ನು ತಡಮಾಡಿದರೆ ತೋರಣ ಉಳಿಯುವುದಿಲ್ಲ ಎಂದು ಬಾಗಿಲು ತಟ್ಟಿದೆ.

"ಯಾರು?" ಎಂದು ಒಂದು ಹೆಂಗಸಿನ ಧ್ವನಿ ಕೇಳಿತು.

ನಾನು ಹೇಳಿದೆ. ನನಗೇ ಕೇಳಿಸಲಿಲ್ಲ.

"ಯಾರವ್ವ? ಕೇಳಿಸ್ತಿಲ್ಲ."

"ನಾನು ಚೆನ್ನಾಜಿ," ಅಂದೆ, ಬೀದಿಗೆಲ್ಲ ಕೇಳುವ ಹಾಗೆ. "ಶ್ಯಾವಿಗೆ ದುಂಡಮ್ಮನ ಸೋದರ ಸೊಸೆ. ದಾರಿ ಗೊತ್ತಾಗ್ತಿಲ್ಲ. ನಿಮ್ಮ ಮೇಕೇನ ಸ್ವಲ್ಪ ಹೊತ್ತು ಕಳಿಸ್ಕೊಡ್ತೀರಾ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಅಗಳಿ ಸರಿಯಿತು. ಬಾಗಿಲಲ್ಲಿ ಹಿಟ್ಟು ಮೆತ್ತಿದ ಕೈಯ ಹೆಂಗಸೊಬ್ಬಳು ನಿಂತು ನನ್ನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಬಾಯಿತುಂಬ ಹಳದಿ ಹೂವು ತುಂಬಿಕೊಂಡು ನಿಂತಿದ್ದ ಬುಗುರಿಯನ್ನು ನೋಡಿದಳು.

"ಆ ಔಷಧಿ ವರ್ಷದ್ದಾ?" ಎಂದು ಮೆಲ್ಲಗೆ ಕೇಳಿದಳು.

ಹೌದೆಂದೆ.

"ನಮ್ಮದೂ ಒಂದೈತೆ, ಹಿತ್ತಿಲಲ್ಲಿ. ಗೂಟಕ್ಕೆ ಕಟ್ಟಕ್ಕೆ ಮನಸ್ಸು ಬರ್ಲಿಲ್ಲ," ಅಂದಳು. ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. ನಾನು ಇನ್ನೂ ಚಪ್ಪಲಿ ಬಿಡುತ್ತಿದ್ದೆ, ಬುಗುರಿ ಆಗಲೇ ಒಳಗೆ ಹೋಗಿದ್ದಳು.